ಫ್ಯಾನು ತಿರುಗತೈತಿ, ಕಾವು ಬರವಲ್ದು



ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಕಡೆಯ ಊರುಗಳಲ್ಲಿ ಬೇಕರಿಗಳ ಮುಂದೆ ಸ್ಟೀಲ್ ಡಬ್ಬಿಗಳು ಸಾಲಾಗಿ ಕೂಡುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಮೈದಾ, ಡಾಲ್ಡಾ, ಪುಡಿ ಮಾಡಿದ ಸಕ್ಕರೆ, ಏಲಕ್ಕಿ ಎಲ್ಲ ಮನೆಯದೇ. ಭಟ್ಟಿ ಮತ್ತು ಕೈಗುಣ ಮಾತ್ರ ಬೇಕರಿಯವನದು. ಸಂಜೆಗೆ ಡಬ್ಬಿ ತುಂಬ ನಾನಕಟಾಯಿ ಮನೆಗೆ ಬರುತ್ತಿತ್ತು. ಆ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಎಷ್ಟೋ ಅಡುಗೆಮನೆಗಳಲ್ಲಿ ಈಗ ಭಟ್ಟಿಯೇ ಕಟ್ಟೆಯ ಮೇಲೆ ಬಂದು ಕೂತಿದೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ತತ್ತಿ ಹಾಕದ ಕೇಕು, ಶ್ರಾವಣದ ಸೋಮವಾರ ಒಲೆ ಮುಂದೆ ನಿಲ್ಲದೆ ಹುರಿದ ಶೇಂಗಾ, ಎಲ್ಲ ಆ ಓವನ್ನಿನಲ್ಲೇ.

ಕಟ್ಟಿಗೆಯ ಭಟ್ಟಿಗೆ ಕೆಡುವುದು ಗೊತ್ತಿರಲಿಲ್ಲ. ಓವನ್ನಿಗೆ ಗೊತ್ತಿದೆ. ಕೆಟ್ಟಾಗ ಮನೆಯವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ದೀಪ ಹತ್ತೈತ್ರಿ, ಫ್ಯಾನು ತಿರುಗತೈತ್ರಿ, ಕಾವು ಬರವಲ್ದು ನೋಡ್ರಿ.” ಅದಕ್ಕೆ ರಿಪೇರಿಯವರು ಕೊಡುವ ಉತ್ತರವೂ ಹೆಚ್ಚುಕಡಿಮೆ ಒಂದೇ: “ಕಾಯಿಲ್ ಸುಟ್ಟೈತ್ರಿ ಅಕ್ಕಾರ, ಹೊಸಾದು ಹಾಕಬೇಕ್ರಿ.” ಈ ಎರಡು ಮಾತುಗಳ ನಡುವೆ ಏನೇನು ನೋಡಬೇಕಿತ್ತು, ಯಾವುದನ್ನು ಯಾರೂ ನೋಡುವುದಿಲ್ಲ ಎಂಬುದೇ ಇವತ್ತಿನ ನನ್ನ ವಿಷಯ. ಕಾಯಿಲು ಸುಡುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ, ಸುಡುತ್ತದೆ. ಆದರೆ ಅಳತೆ ಮಾಡದೆ ಕಾಯಿಲಿನ ಮೇಲೆ ತಪ್ಪು ಹೊರಿಸುವುದು ನಮ್ಮಲ್ಲಿ ಒಂದು ಚಟವಾಗಿಬಿಟ್ಟಿದೆ.

ಮೊದಲು ನಿಮ್ಮ ಕಟ್ಟೆಯ ಮೇಲಿರುವುದು ಯಾವ ಯಂತ್ರ ಎಂದು ತಿಳಿಯಬೇಕು. ಮೂರು ಬಗೆ ಇವೆ. ಎಲ್ಲಕ್ಕೂ ನಾವು ಓವನ್ ಅಂತಲೇ ಅನ್ನುತ್ತೇವೆ. ಒಂದು, ಓಟಿಜಿ. ತಗಡಿನ ಪೆಟ್ಟಿಗೆ, ಮೇಲೆರಡು ಕೆಳಗೆರಡು ಕಾಯುವ ಕೊಳವೆಗಳು, ಅಂದರೆ ಕಾಯಿಲುಗಳು. ಇನ್ನೊಂದು, ಕನ್ವೆಕ್ಷನ್ ಮೈಕ್ರೋವೇವ್. ಮೂರನೆಯದು ಗೋಡೆಯ ಕಪಾಟಿನೊಳಗೆ ಕೂಡಿಸುವ ದೊಡ್ಡ ಓವನ್. ಇದು ನಮ್ಮ ಭಾಗದಲ್ಲಿ ಹೊಸ ಮನೆ ಕಟ್ಟಿಸಿದವರಲ್ಲಿ ಅಲ್ಲಲ್ಲಿ ಕಾಣುತ್ತದೆ. ಕನ್ವೆಕ್ಷನ್ ಎಂದರೆ ಕಾದ ಗಾಳಿಯನ್ನು ಫ್ಯಾನಿನಿಂದ ಒಳಗೆಲ್ಲ ತಿರುಗಿಸುವುದು. ಮೂರನೆಯ ಬಗೆಯಲ್ಲಿ ಹಿಂದಿನ ಗೋಡೆಯಲ್ಲಿ ಫ್ಯಾನಿನ ಸುತ್ತ ಬಳೆಯಾಕಾರದ ಪ್ರತ್ಯೇಕ ಕಾಯಿಲು ಇರುತ್ತದೆ. ಮೈಕ್ರೋವೇವಿನಲ್ಲಿ ತೂತಿನ ಜಾಲರಿಯ ಹಿಂದೆ ಕಾಯಿಲು, ಫ್ಯಾನು ಜೊತೆಯಾಗಿರುತ್ತವೆ. ಆದರೆ ಎಷ್ಟೋ ಓಟಿಜಿಗಳಲ್ಲಿ ಕನ್ವೆಕ್ಷನ್ ಅಂದರೆ ಬರೀ ಫ್ಯಾನು. ಕಾವು ಕೊಡುವವು ಅವೇ ಮೇಲಿನ ಕೆಳಗಿನ ಕೊಳವೆಗಳು. ಅಂಥ ಯಂತ್ರಕ್ಕೆ “ಕನ್ವೆಕ್ಷನ್ ಕಾಯಿಲ್ ಹೋಗೈತಿ” ಎಂದು ಯಾರಾದರೂ ಹೇಳಿದರೆ, ಇಲ್ಲದ ಸಾಮಾನಿಗೆ ದುಡ್ಡು ಕೇಳಿದ ಹಾಗೆ. ಇದು ನಗುವ ಮಾತಲ್ಲ, ನಡೆಯುತ್ತದೆ.

ಓಟಿಜಿ ಇದ್ದವರು ಇನ್ನೂ ಒಂದು ನೋಡಬೇಕು. ಅದರಲ್ಲಿ ಕರೆಂಟು ಟೈಮರಿನ ಮೂಲಕ ಹಾಯುತ್ತದೆ. ಟೈಮರಿನ ಗುಂಡಿ ಸೊನ್ನೆಯಲ್ಲಿದ್ದರೆ ಉಳಿದ ಗುಂಡಿಗಳನ್ನು ಎಷ್ಟು ತಿರುವಿದರೂ ಯಂತ್ರ ಮಾತಾಡುವುದಿಲ್ಲ. ಹಾಗೆಯೇ ಮೇಲಿನ ಕಾಯಿಲು ಮಾತ್ರ, ಕೆಳಗಿನದು ಮಾತ್ರ, ಎರಡೂ ಎಂಬ ಗುಂಡಿಯನ್ನು ಮಕ್ಕಳು ಎಲ್ಲಿಗೋ ತಿರುವಿಟ್ಟಿರುತ್ತಾರೆ.

ಈಗ ಮುಖ್ಯ ಪ್ರಶ್ನೆ. ಕಾಯಿಲು ಕರೆಂಟು ಎಳೆಯುತ್ತಿದೆಯೋ ಇಲ್ಲವೋ? ಇದನ್ನು ತಿಳಿಯಲು ಸ್ಕ್ರೂಡ್ರೈವರ್ ಬೇಡ, ಯಂತ್ರ ಬಿಚ್ಚುವುದು ಬೇಡ. ಉತ್ತರ ಹೇಳುವ ಉಪಕರಣ ನಿಮ್ಮ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೇ ಇದೆ, ಅದೇ ಕರೆಂಟಿನ ಮೀಟರು. ಈಗಿನ ಮೀಟರುಗಳ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕಬೇಕು ಎಂಬುದನ್ನು ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಬಹಳ ಮೀಟರುಗಳಲ್ಲಿ 3200 ಎಂದಿರುತ್ತದೆ, ಕೆಲವಲ್ಲಿ 1600. ಮನೆಯ ಫ್ರಿಜ್ಜು, ಟಿ.ವಿ., ಫ್ಯಾನು, ನೀರಿನ ಮೋಟಾರು ಎಲ್ಲ ಬಂದ್ ಮಾಡಿರಿ. ತಣ್ಣಗಿರುವ ಓವನ್ನನ್ನು ಕನ್ವೆಕ್ಷನ್‌ಗೆ ಇಟ್ಟು, ಕಾವನ್ನು 200 ಡಿಗ್ರಿಗೆ ಏರಿಸಿ, ಚಾಲೂ ಮಾಡಿರಿ. ಆಮೇಲೆ ಮೀಟರಿನ ಮುಂದೆ ನಿಂತು ಒಂದು ನಿಮಿಷದ ಮಿಣುಕು ಎಣಿಸಿರಿ. ಕಣ್ಣಿಗೆ ದಕ್ಕದಿದ್ದರೆ ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿ ಎಣಿಸಬಹುದು.

2000 ವ್ಯಾಟಿನ ಕಾಯಿಲು ಸರಿಯಾಗಿ ಎಳೆಯುತ್ತಿದ್ದರೆ, 3200ರ ಮೀಟರು ನಿಮಿಷಕ್ಕೆ 107ರ ಸುತ್ತಮುತ್ತ ಮಿಣುಕುತ್ತದೆ. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು. ಕಾಯಿಲು ಸತ್ತು ಬರೀ ದೀಪ, ಫ್ಯಾನು ನಡೆದಿದ್ದರೆ ಎಲ್ಲ ಸೇರಿ 50 ವ್ಯಾಟ್ ಆದೀತು. ಆಗ ನಿಮಿಷಕ್ಕೆ ಎರಡೋ ಮೂರೋ ಮಿಣುಕು. 107 ಎಲ್ಲಿ, ಮೂರು ಎಲ್ಲಿ! ಸಾಲಿ ಕಲಿಯದ ಅಜ್ಜಿಯೂ ಈ ಅಂತರವನ್ನು ಕಣ್ಣಿಂದಲೇ ಹೇಳಬಲ್ಲಳು. ಎಣಿಕೆಯನ್ನು ಮೊದಲ ಎರಡು ಮೂರು ನಿಮಿಷದಲ್ಲೇ ಮಾಡಬೇಕು. ಒಳಗೆ ಕಾವು ಏರಿದ ಮೇಲೆ ಥರ್ಮೋಸ್ಟ್ಯಾಟ್ ತಾನಾಗಿ ಕಾಯಿಲನ್ನು ಬಂದ್ ಮಾಡುತ್ತದೆ. ಅದನ್ನೇ ದೋಷ ಎಂದು ತಿಳಿಯಬಾರದು.

ಎಣಿಕೆ ಮೂರಲ್ಲ, 107ಊ ಅಲ್ಲ, ನಡುವೆ ಎಲ್ಲೋ 70, 75ಕ್ಕೆ ನಿಂತರೆ? ನಮ್ಮ ಕಡೆ ಹೆಚ್ಚು ಮೋಸ ಆಗುವುದು ಇಲ್ಲೇ. ಇಲ್ಲಿ ಸ್ವಲ್ಪ ನಿಂತು ವೋಲ್ಟೇಜನ್ನು ನೋಡೋಣ.

ವೋಲ್ಟೇಜ್ ನೂರಕ್ಕೆ ಹತ್ತು ಪಾಲು ಇಳಿದರೆ ಕಾವೂ ಅಷ್ಟೇ ಇಳಿಯುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಕಾಯಿಲಿನ ಕಾವು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರಿಳಿಯುತ್ತದೆ. 230 ವೋಲ್ಟಿಗೆ 2000 ವ್ಯಾಟ್ ಕೊಡುವ ಕಾಯಿಲು 190 ವೋಲ್ಟಿಗೆ 1365 ವ್ಯಾಟಿಗೆ ಇಳಿಯುತ್ತದೆ. 180ಕ್ಕೆ 1225. ಅಂದರೆ ವೋಲ್ಟೇಜ್ ಕಾಲು ಭಾಗದಷ್ಟೂ ಕಡಿಮೆಯಾಗಿಲ್ಲ, ಕಾವು ಮಾತ್ರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಓವನ್ನಿನ ಮೈಯಿಂದ, ಬಾಗಿಲಿನ ಗಾಜಿನಿಂದ ಹೊರಗೆ ಸೋರುವ ಕಾವು ಮೊದಲಿನಷ್ಟೇ ಸೋರುತ್ತದೆ. ಹೀಗಾಗಿ ಹದಿನೈದು ನಿಮಿಷದಲ್ಲಿ ಕಾಯುತ್ತಿದ್ದ ಯಂತ್ರ ಅರ್ಧ ತಾಸು ಕೂತರೂ ಹದಕ್ಕೆ ಬರುವುದಿಲ್ಲ. ಕೇಕು ಅಂಚಿಗೆ ಒಣಗಿ ನಡುವೆ ಹಿಟ್ಟಾಗಿ ಕೂಡುತ್ತದೆ. ಕಾಯಿಲಿಗೆ ಏನೂ ಆಗಿರುವುದಿಲ್ಲ.

ತೋಟದ ಮನೆಗಳಲ್ಲಿ ಇರುವವರಿಗೆ ಇದು ನಾನು ಹೇಳಿ ತಿಳಿಯಬೇಕಾದದ್ದಲ್ಲ. ಮನೆಗೂ ಪಂಪ್‌ಸೆಟ್ಟಿಗೂ ಒಂದೇ ಲೈನು ಇದ್ದಲ್ಲಿ, ಸುತ್ತಲಿನ ಕಬ್ಬಿನ ಹೊಲಗಳ ಮೋಟಾರು ಶುರುವಾದ ಕೂಡಲೇ ಬಲ್ಬು ಕೆಂಪಗಾಗುತ್ತದೆ. ಬಲ್ಬು ಕೆಂಪಗಾಗುವ ಹೊತ್ತಿನಲ್ಲಿ ಓವನ್ ಕಾಯದಿದ್ದರೆ ಅದು ರೋಗವಲ್ಲ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಮಿಣುಕು ಎಣಿಸಿ ನೋಡಿರಿ. ಬೆಳಗಿನ ಐದಕ್ಕೆ ನೂರು, ಸಂಜೆ ಏಳಕ್ಕೆ ಎಪ್ಪತ್ತು ಬಂದರೆ ಕಾಯಿಲು ನಿರಪರಾಧಿ. ಇದಕ್ಕೆ ಸ್ಟೆಬಿಲೈಜರ್ ಕೊಳ್ಳಿರೆಂದು ಅಂಗಡಿಯವರು ಹೇಳಬಹುದು. 2000 ವ್ಯಾಟಿನ ಯಂತ್ರಕ್ಕೆ ತಕ್ಕ ಸ್ಟೆಬಿಲೈಜರ್ ದೊಡ್ಡದು, ದುಬಾರಿಯದು. ನನ್ನ ಮಾತು ಕೇಳುವುದಾದರೆ ಬೇಯಿಸುವ ಹೊತ್ತನ್ನು ಬದಲಿಸಿರಿ. ಊರೊಳಗಿನ ಮನೆಗೇ ಸದಾ ವೋಲ್ಟೇಜ್ ಕಡಿಮೆ ಇದ್ದರೆ ವಿದ್ಯುತ್ ಕಂಪನಿಯ 1912 ನಂಬರಿಗೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಇಟ್ಟುಕೊಳ್ಳಿರಿ.

ವೋಲ್ಟೇಜ್ ಮನೆಯವರೆಗೆ ಸರಿಯಾಗಿ ಬಂದು ಮನೆಯೊಳಗೇ ಸೋರಿಹೋಗುವುದೂ ಉಂಟು. 2000 ವ್ಯಾಟಿನ ಕಾಯಿಲು ಎಳೆಯುವುದು ಹತ್ತಿರ ಹತ್ತಿರ 9 ಆಂಪಿಯರ್. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ಗೇ ಬೇಕು. ನಾವು ಮಾಡುವುದೇನು? ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ಟಿಗೆ ಒಂದು ಕನ್ವರ್ಟರ್ ಸಿಗಿಸಿ ಅದರಲ್ಲೇ ಓವನ್ ನಡೆಸುತ್ತೇವೆ. ಸಡಿಲಾದ ಒಂದು ಜೋಡಣೆಯಲ್ಲಿ ಒಂದೇ ಒಂದು ಓಮ್ ಅಡೆತಡೆ ಇದ್ದರೂ ಅಲ್ಲಿ 70 ವ್ಯಾಟ್ ಕಾವು ಹುಟ್ಟುತ್ತದೆ. ಕೇಕಿಗೆ ಅದು ಬರುವುದಿಲ್ಲ, ಪ್ಲಗ್ಗನ್ನು ಕರಗಿಸುತ್ತದೆ. ಅರ್ಧ ತಾಸು ನಡೆಸಿದ ಮೇಲೆ ಸ್ವಿಚ್ ಬಂದ್ ಮಾಡಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗ ಹಿಡಿದು ಎಳೆದು ಪಿನ್ನು ನೋಡಿರಿ. ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ, ಮೊದಲು ಕರೆಯಬೇಕಾದದ್ದು ವೈರಿಂಗ್ ಮಾಡುವವನನ್ನು. ಓವನ್ ರಿಪೇರಿಯವನ ಸರದಿ ಆಮೇಲೆ.

ಮಿಣುಕು ಸರಿಯಾಗಿದೆ, ಪ್ಲಗ್ಗು ಸರಿಯಾಗಿದೆ, ಆದರೂ ಬಿಸ್ಕೀಟು ಹದಕ್ಕೆ ಬರುವುದಿಲ್ಲ ಎನ್ನುವವರು ಥರ್ಮೋಸ್ಟ್ಯಾಟನ್ನು ಸಂಶಯಿಸಬೇಕು. ಗುಂಡಿ 200 ಎನ್ನುತ್ತದೆ, ಒಳಗೆ 160 ಇರುತ್ತದೆ. ಓವನ್ನಿನೊಳಗೆ ಇಡುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಮನೆಯ ಸಕ್ಕರೆಯೇ ಸಾಕು. ಮಲಪ್ರಭೆಯ ನೀರು ಕುಡಿದು ಕಬ್ಬು ಬೆಳೆಯುವ ನಾಡಿನಲ್ಲಿ ಸಕ್ಕರೆಗೇನು ಬರ? ಸಕ್ಕರೆ ಕರಗುವುದು 186 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಗುಂಡಿಯನ್ನು 175ಕ್ಕೆ ಇಟ್ಟು ಯಂತ್ರ ಪೂರ್ತಿ ಕಾದ ಮೇಲೆ ಒಂದು ಚಮಚ ಸಕ್ಕರೆಯನ್ನು ತಟ್ಟೆಯಲ್ಲಿಟ್ಟು ಹದಿನೈದು ನಿಮಿಷ ಬಿಡಿರಿ. ಅದು ಬೆಳ್ಳಗೇ ಉಳಿಯಬೇಕು. ಗುಂಡಿಯನ್ನು 195ಕ್ಕೆ ಏರಿಸಿ ಮತ್ತೆ ಹದಿನೈದು ನಿಮಿಷ ಬಿಟ್ಟರೆ ಕರಗಬೇಕು. ಮೊದಲನೆಯದಕ್ಕೇ ಕರಗಿದರೆ ಯಂತ್ರ ಹೆಚ್ಚು ಕಾಯುತ್ತಿದೆ, ಎರಡನೆಯದಕ್ಕೂ ಕರಗದಿದ್ದರೆ ಕಡಿಮೆ ಕಾಯುತ್ತಿದೆ. ಎರಡೂ ಕಡೆ ಕಾಯಿಲಿನ ತಪ್ಪಿಲ್ಲ, ಅದಕ್ಕೆ ಅಪ್ಪಣೆ ಕೊಡುವವನ ತಪ್ಪು.

ಇಷ್ಟೆಲ್ಲ ನೋಡಿ, ಮಿಣುಕು ಎರಡೋ ಮೂರೋ ಎಂದೇ ಬಂದರೆ, ಆಗ ಯಂತ್ರ ಬಿಚ್ಚುವ ಮಾತು. ಬಿಚ್ಚುವುದು ಕಲಿತವರ ಕೆಲಸ. ಮೈಕ್ರೋವೇವ್ ಆಗಿದ್ದರಂತೂ ಮನೆಯವರು ಅದರ ಹಿಂದಿನ ತಗಡಿಗೆ ಕೈ ಹಚ್ಚಲೇಬಾರದು. ಒಳಗಿನ ಕೆಪ್ಯಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 2000 ವೋಲ್ಟಿನ ಆಚೀಚೆ ಉಳಿದಿರಬಹುದು. ಜೀವ ತೆಗೆಯಲು ಅದು ಧಾರಾಳ ಸಾಕು. ಆದರೆ ಕಲಿತವನು ಬಿಚ್ಚುವಾಗ ಏನು ಮಾಡುತ್ತಾನೆ ಎಂದು ಪಕ್ಕದಲ್ಲಿ ನಿಂತು ನೋಡುವ ಹಕ್ಕು ನಿಮಗಿದೆ. ಏನು ನೋಡಬೇಕೆಂದು ಹೇಳುತ್ತೇನೆ.

ಕಾಯಿಲಿನ ಒಳಗಿರುವುದು ನಿಕ್ರೋಮ್ ತಂತಿ. ನೂರಕ್ಕೆ ಎಂಬತ್ತು ಪಾಲು ನಿಕ್ಕಲ್, ಇಪ್ಪತ್ತು ಪಾಲು ಕ್ರೋಮಿಯಂ. ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬವರು 1906ರಲ್ಲಿ ಇದರ ಪೇಟೆಂಟ್ ಪಡೆದರು. ನಮ್ಮ ಇಸ್ತ್ರಿಪೆಟ್ಟಿಗೆ, ಟೋಸ್ಟರ್, ಓವನ್ ಎಲ್ಲಕ್ಕೂ ದಾರಿ ಮಾಡಿಕೊಟ್ಟದ್ದು ಆ ಮಿಶ್ರಲೋಹ. ಕೆಂಪಗೆ ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ, ಆ ಪೊರೆಯೇ ಒಳಗಿನ ಲೋಹವನ್ನು ಗಾಳಿಯಿಂದ ಕಾಯುತ್ತದೆ. ಕಾದಾಗ ತಂತಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಪೊರೆ ಬಿರಿದು ಮತ್ತೆ ಕಟ್ಟುತ್ತದೆ. ವರ್ಷಗಟ್ಟಲೆ ಹೀಗೇ ನಡೆದು ಯಾವುದೋ ಒಂದು ಕಡೆ ತಂತಿ ತೆಳ್ಳಗಾಗುತ್ತದೆ. ತೆಳ್ಳಗಾದಲ್ಲಿ ಕಾವು ಹೆಚ್ಚು, ಕಾವು ಹೆಚ್ಚಾದಲ್ಲಿ ಸವೆತ ಹೆಚ್ಚು. ಒಂದು ದಿನ ಅಲ್ಲೇ ತುಂಡಾಗುತ್ತದೆ. ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಗಟ್ಟಿಯಾಗಿ ತುಂಬಿ, ಹೊರಗೆ ಲೋಹದ ಕೊಳವೆ ಹೊದಿಸಿರುತ್ತಾರೆ. ಈ ಪುಡಿ ಕಾವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಹೊರಗಿನ ಕೊಳವೆ ಹೊಳೆಯುತ್ತಿದ್ದರೂ ಒಳಗಿನ ತಂತಿ ತುಂಡಾಗಿರಬಹುದು. ಕಪ್ಪಾಗಿ ಕಂಡರೂ ಚೆನ್ನಾಗಿರಬಹುದು. ಹೀಗಾಗಿ ಕಣ್ಣಿಂದ ನೋಡಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ.

ನಂಬಬೇಕಾದದ್ದು ಮಲ್ಟಿಮೀಟರನ್ನು. ಪ್ಲಗ್ ಕಿತ್ತು, ಕಾಯಿಲಿನ ತುದಿಯ ವೈರನ್ನು ಬಿಡಿಸಿ, ಎರಡು ತುದಿಗೆ ಮೀಟರಿನ ಕಡ್ಡಿ ಹಚ್ಚಬೇಕು. ವೈರು ಬಿಡಿಸದೆ ಅಳೆದರೆ ಬೇರೆ ದಾರಿಯಿಂದ ಕರೆಂಟು ಹರಿದು ಮೀಟರು ಸುಳ್ಳು ಹೇಳುತ್ತದೆ. 2000 ವ್ಯಾಟಿನ ಕಾಯಿಲು 26 ಓಮಿನ ಸುತ್ತ ತೋರಿಸಬೇಕು, 1500ರದು 35, 1000ದ್ದು 53. ಈ ಅಂಕಿ ಹೊರಡುವುದು 230ರ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ, ಹತ್ತನೆಯ ತರಗತಿಯ ಮಕ್ಕಳು ಮಾಡಿ ತೋರಿಸಬಲ್ಲರು. ತಣ್ಣಗಿದ್ದಾಗ ಇದಕ್ಕಿಂತ ತುಸು ಕಡಿಮೆ ಬಂದರೆ ಗಾಬರಿ ಬೇಡ, ನಿಕ್ರೋಮ್ ಕಾದಾಗ ಅದರ ತಡೆ ಸ್ವಲ್ಪವೇ ಏರುತ್ತದೆ. ಮೀಟರು ಏನೂ ತೋರಿಸದೆ ತೆರೆದ ದಾರಿ ಎಂದು ಹೇಳಿದರೆ ತಂತಿ ತುಂಡಾಗಿದೆ, ಕಾಯಿಲು ಸತ್ತದ್ದು ನಿಜ. 26 ತೋರಿಸಿತೆನ್ನಿ, ಆಗ ಹುಡುಕಬೇಕಾದದ್ದು ಸುಟ್ಟ ವೈರಿನ ಕ್ಲಿಪ್ಪು, ಬೋರ್ಡಿನ ಮೇಲಿನ ರಿಲೇ, ಕಾವಿನ ಸೆನ್ಸರು, ಅತಿಯಾಗಿ ಕಾದಾಗ ಕಡಿದುಕೊಳ್ಳುವ ಥರ್ಮಲ್ ಫ್ಯೂಸು. ಈ ಫ್ಯೂಸು ಹೋಗಿದ್ದರೆ ಫ್ಯಾನನ್ನೂ ನೋಡಬೇಕು. ಜಿಡ್ಡು ಹಿಡಿದು ಫ್ಯಾನು ನಿಧಾನವಾದರೆ ಕಾವು ಕಾಯಿಲಿನ ಬಳಿಯೇ ಕೂತು ಫ್ಯೂಸನ್ನು ಸುಡುತ್ತದೆ. ಫ್ಯಾನು ಸರಿ ಮಾಡದೆ ಫ್ಯೂಸು ಹಾಕಿದರೆ ಅದು ಮತ್ತೆ ಹೋಗುತ್ತದೆ.

ಇನ್ನೊಂದು ಬಗೆಯ ದೋಷವಿದೆ. ಓವನ್ ಹಚ್ಚಿದ ಕೂಡಲೇ, ಇಲ್ಲವೇ ಐದು ಹತ್ತು ನಿಮಿಷ ಕಾದ ಮೇಲೆ, ಇಡೀ ಮನೆಯ ಕರೆಂಟು ಟ್ರಿಪ್ ಆಗುತ್ತದೆ. ಕಿತ್ತೂರಿನ ಕಡೆಯವರು ಇದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ಅರೆಮಲೆನಾಡಿನ ಮಳೆ, ತೇವ ಅಲ್ಲಿ ಹೆಚ್ಚು. ಮೆಗ್ನೀಸಿಯಂ ಆಕ್ಸೈಡ್ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲವೆಲ್ಲ ಮುಚ್ಚಿಟ್ಟ ಓವನ್ನನ್ನು ಒಮ್ಮೆಲೆ ಹಬ್ಬಕ್ಕೆ ಹಚ್ಚಿದರೆ, ಕೊಳವೆಯ ತುದಿಗಳಿಂದ ಒಳಹೊಕ್ಕ ತೇವ ಕರೆಂಟನ್ನು ಮೈಗೆ ಸೋರಿಸುತ್ತದೆ. ಆಗ ಟ್ರಿಪ್ ಮಾಡುವ ಸ್ವಿಚ್ಚನ್ನು ಬೈಯಬೇಡಿರಿ. ಅದು ನಿಮ್ಮ ಜೀವ ಉಳಿಸುತ್ತಿದೆ. ಅದನ್ನು ಬೈಪಾಸ್ ಮಾಡಿಕೊಡುತ್ತೇನೆ ಎನ್ನುವವನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿರಿ. ಕಾಯಿಲಿನ ತುದಿಗೂ ಹೊರಗಿನ ಕೊಳವೆಗೂ ನಡುವೆ ಎಷ್ಟು ತಡೆ ಇದೆ ಎಂಬುದನ್ನು ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟಿನಲ್ಲಿ ಅಳೆಯಬೇಕು. ಸಾದಾ ಮಲ್ಟಿಮೀಟರ್ ಇದಕ್ಕೆ ಸಾಲದು. ಬರೀ ತೇವವಾಗಿದ್ದರೆ ಕಾಯಿಲನ್ನು ಬಿಚ್ಚಿ ಒಣಗಿಸಿದಾಗ ಸರಿಹೋಗುವುದುಂಟು, ಕೊಳವೆ ಬಿರಿದಿದ್ದರೆ ಬದಲಿಸುವುದೇ ದಾರಿ. ಅತ್ತ ರಾಮದುರ್ಗ, ಸವದತ್ತಿಯ ಒಣ ನೆಲದವರಿಗೆ ಬೇರೆಯೇ ಕಾಳಜಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಕೆಲಸ ಬಿಡುತ್ತದೆ. ತಗಡಿನ ಓವನ್ ಮುಟ್ಟಿದಾಗ ಚುರುಗುಟ್ಟಿದರೆ ಆಗಲೇ ಪ್ಲಗ್ ಕೀಳಿರಿ, ಅರ್ಥಿಂಗ್ ಪರೀಕ್ಷೆ ಮಾಡಿಸುವವರೆಗೆ ಹಚ್ಚಬೇಡಿರಿ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕುವುದು ಒಳ್ಳೆಯ ರೂಢಿ.

ಹಳೆಯ ಕಾಲದ ಕರೆಂಟಿನ ಒಲೆ ಕಂಡವರಿಗೆ ಒಂದು ಮಾತು. ಮಣ್ಣಿನ ಬಿಲ್ಲೆಯಲ್ಲಿ ಸ್ಪ್ರಿಂಗಿನಂಥ ಕಾಯಿಲು ಬಿಚ್ಚಾಗಿ ಇರುತ್ತಿತ್ತು. ಕಡಿದರೆ ಎರಡು ತುದಿ ಹಿಡಿದು ಹೊಸೆದು ಮತ್ತೆ ಹಚ್ಚುತ್ತಿದ್ದೆವು. ಅದು ಬೇಗ ಮತ್ತೆ ಕಡಿಯುತ್ತಿತ್ತು. ಹೊಸೆದಾಗ ತಂತಿ ಗಿಡ್ಡವಾಗುತ್ತದೆ, ಗಿಡ್ಡವಾದರೆ ತಡೆ ಕಡಿಮೆ, ತಡೆ ಕಡಿಮೆಯಾದರೆ ಕರೆಂಟು ಹೆಚ್ಚು. ಉಳಿತಾಯ ಎಂದುಕೊಂಡದ್ದೇ ತಂತಿಯನ್ನು ಸುಡುತ್ತಿತ್ತು. ಓವನ್ನಿನ ಕಾಯಿಲನ್ನು ಹಾಗೆ ಜೋಡಿಸಲು ಬರುವುದಿಲ್ಲ. ಬದಲಿಸುವಾಗಲೂ ಅದೇ ವ್ಯಾಟ್, ಅದೇ ಅಳತೆಯದನ್ನೇ ಹಾಕಬೇಕು. “ಇದು ಸ್ವಲ್ಪ ಜಾಸ್ತಿ ವ್ಯಾಟಿಂದೈತ್ರಿ, ಬೇಗ ಕಾಯತೈತಿ” ಎಂಬ ಮಾತಿಗೆ ಮರುಳಾದರೆ ಒಳಗಿನ ವೈರು, ರಿಲೇ ಸುಡುವುದು ಗ್ಯಾರಂಟಿ.

ಕೇಳುಗರಲ್ಲಿ ನನ್ನ ವಿನಂತಿ ಇಷ್ಟು. ಓವನ್ ಚೆನ್ನಾಗಿ ನಡೆಯುತ್ತಿರುವಾಗಲೇ, ಈ ವಾರದಲ್ಲೇ, ಒಂದು ಸಲ ಮೀಟರಿನ ಮಿಣುಕು ಎಣಿಸಿ, ಆ ಅಂಕಿಯನ್ನು ಓವನ್ನಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿರಿ. ಮುಂದೆ ಕೆಟ್ಟ ದಿನ ಮತ್ತೆ ಎಣಿಸಿ ಹೋಲಿಸಿರಿ. ರಿಪೇರಿಯವರು ಕಾಯಿಲು ಹೋಗಿದೆ ಎಂದರೆ, “ಮೀಟರ್ ಹಚ್ಚಿ ಓಮ್ ತೋರಸ್ರಿ ಅಣ್ಣಾರ” ಎಂದು ಕೇಳಿರಿ. ಬಲ್ಲವರು ಸಿಟ್ಟಾಗುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ. ಹೊಸದು ಹಾಕಿದ ಮೇಲೆ ಹಳೆಯ ಕಾಯಿಲನ್ನು ಕೈಯಲ್ಲಿ ಇಸಕೊಳ್ಳಿರಿ. ಅದಕ್ಕೆ ನೀವು ದುಡ್ಡು ಕೊಟ್ಟಿದ್ದೀರಿ.